ಡೆಲ್ವ್ ಸ್ಕ್ರೀನಿಂಗ್ ಟೆಸ್ಟ್: ಆಡುನುಡಿ ಬೇರೆ, ತೊಂದರೆ ಬೇರೆ

ಅಮೆರಿಕದ ಆಫ್ರಿಕನ್ ಅಮೆರಿಕನ್ ಇಂಗ್ಲಿಷ್ ಆಡುವ ಮಗು 'ಶಿ ವಾಕ್ಸ್' ಬದಲು ಕೊನೆಯ 'ಎಸ್' ಬಿಟ್ಟು 'ಶಿ ವಾಕ್' ಅಂದರೆ ಅದು ಆ ಆಡುನುಡಿಯ ವ್ಯಾಕರಣ, ತಪ್ಪಲ್ಲ. ಹಳೆಯ ಪರೀಕ್ಷೆಗಳು ಇಲ್ಲೇ ಅಂಕ ಕಳೆದು, ಆರೋಗ್ಯವಂತ ಮಗುವಿಗೆ ದೋಷದ ಹಣೆಪಟ್ಟಿ ಹಚ್ಚುತ್ತಿದ್ದವು. ಮಕ್ಕಳಲ್ಲಿ ಭಾಷಾ ತೊಂದರೆಯ ಅಪಾಯ ಇದೆಯೇ ಎಂದು ನೋಡುವ ಕಿರು ಪರೀಕ್ಷೆಯಾದ ಡೆಲ್ವ್ ಈ ಗಂಟನ್ನು ಎರಡು ಭಾಗದಲ್ಲಿ ಬಿಡಿಸುತ್ತದೆ. ವಯಸ್ಸು 4ರಿಂದ 12, ಸಮಯ ಸುಮಾರು 15-20 ನಿಮಿಷ.

ಮೊದಲ ಭಾಗ ಮಗುವಿನ ಮಾತು ಮುಖ್ಯವಾಹಿನಿಯ ಇಂಗ್ಲಿಷ್‌ನಿಂದ ಎಷ್ಟು ದೂರ ಎಂದು ಅಳೆಯುತ್ತದೆ, ಅಷ್ಟೇ. 'ಬಾತ್' ಬದಲು 'ಬಾಫ್' ಅಂದರೂ ದಂಡವಿಲ್ಲ. ತೊಂದರೆಯ ಅಪಾಯ ಹುಡುಕುವ ಎರಡನೆಯದೇ ತಿರುಳು. ಆ ಆಡುನುಡಿಯಲ್ಲಿ 'ಈಸ್' ಬಿಡಬಹುದು, 'ವಾಸ್' ಬಿಡುವಂತಿಲ್ಲ. 'ದೇ ವರ್' ಬದಲು 'ದೇ ವಾಸ್' ಅಂದರೂ ಸರಿ. ಆದರೆ ಭೂತಕಾಲದಲ್ಲಿ 'ವಾಸ್' ಮಾಯವಾದರೆ ಗಮನಿಸಬೇಕು. ಜೊತೆಗೆ ಅರ್ಥವಿಲ್ಲದ ಪದಗಳನ್ನು ಮರುನುಡಿಸುವುದು, ಚಿತ್ರ ತೋರಿಸಿ 'ಯಾರು ಏನು ತಿಂದರು?' ಎಂಬಂಥ ಜೋಡಿ ಪ್ರಶ್ನೆ. 'ಸೇಬು' ಎಂದಷ್ಟೇ ಹೇಳಿ ಯಾರೆಂಬುದನ್ನು ಬಿಟ್ಟರೆ ಉತ್ತರ ಅಪೂರ್ಣ.

ಎಡವುವುದು ಎಲ್ಲಿ? ಗದ್ದಲದ ಕಾರಿಡಾರಿನಲ್ಲಿ ಕೂತರೆ ಮರುನುಡಿಯ ಅಂಕ ಕುಸಿಯುತ್ತದೆ. ಮೊದಲು ಕಿವಿ ಪರೀಕ್ಷೆ ಆಗಿರಲಿ. ಇನ್ನೊಂದು, ಅಲ್ಲಿನ ಕನ್ನಡ ಮನೆಯ ಮಗು ಇಂಗ್ಲಿಷ್ ಕಲಿಯುವಾಗಲೂ 'ಎಸ್' ಬಿಡುತ್ತದೆ. ಅದು ಆಡುನುಡಿಯಲ್ಲ, ಕಲಿಕೆಯ ಹಂತ. ಡೆಲ್ವ್ ಇವೆರಡನ್ನೂ ಬೇರ್ಪಡಿಸದು. ಅಂಥ ಮಗುವಿನ ಕನ್ನಡವನ್ನೂ ನೋಡಲೇಬೇಕು. ಸ್ಕ್ರೀನಿಂಗ್ ಅಪಾಯ ತೋರಿಸೀತು, ರೋಗನಿರ್ಣಯ ಮಾಡದು. ಅದಕ್ಕೆ 4ರಿಂದ 9 ವರ್ಷದವರ ದೊಡ್ಡ ಡೆಲ್ವ್ ಬೇರೆಯೇ ಇದೆ.