ನೀರು ಕುಡಿದ ಗಾಡಿ ತಂದು ಕೂತಿದ್ದೇನೆ, ನೀವು ತರಬೇಡಿ

ಮೊದಲೇ ಹೇಳಿಬಿಡುತ್ತೇನೆ. ಐಷಾರಾಮಿ ಫೋರ್ ವೀಲ್ ಡ್ರೈವ್ ಗಾಡಿ ಸೆಕೆಂಡ್ ಹ್ಯಾಂಡಲ್ಲಿ ಕಡಿಮೆ ರೇಟಿಗೆ ಸಿಗ್ತಿದೆ ಅಂತ ಯಾರಾದರೂ ಕರೆದರೆ, ಅಡ್ವಾನ್ಸ್ ಕೊಡುವ ಮೊದಲು ಕಾರ್ಪೆಟ್ ಎತ್ತಿ, ನೀರಲ್ಲಿ ಮುಳುಗಿದ್ದ ಗಾಡಿಯಾ ಅಂತ ನೋಡಿ. ನಾನು ಎತ್ತಲಿಲ್ಲ. 14.5 ಲಕ್ಷ ಕೊಟ್ಟೆ. ರಿಪೇರಿಗೆ ಇನ್ನೂ ಹತ್ತಿರ ಹತ್ತಿರ 5 ಲಕ್ಷ ಸುರಿದೆ. ಆ ಗಾಡಿ ಈಗ ನಮ್ಮ ಕಾಫಿ ಕಣದ ಪಕ್ಕದ ಶೆಡ್ಡಿನಲ್ಲಿ, ಟಾರ್ಪಾಲಿನ ಕೆಳಗೆ, ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿದೆ.

ಯಾವ ಕಂಪನಿ ಗಾಡಿ, ಮಾರಿದವನು ಯಾರು ಅಂತ ಬರೆಯುವುದಿಲ್ಲ. ಕೇಸು ಹಾಕಿದ್ದೇನೆ, ಅದಕ್ಕೆ.

ಕಾಫಿಗೆ ರೇಟು ಏರಿದ ವರ್ಷ ಅದು. ರೋಬಸ್ಟಾಗೆ ನಮ್ಮಪ್ಪ ಕನಸಲ್ಲೂ ಕಾಣದ ಬೆಲೆ ಬಂತು. ಮೂಡಿಗೆರೆ ಕಡೆ ಯಾರ ಮನೆ ಮುಂದೆ ನೋಡಿದರೂ ಹೊಸ ಗಾಡಿ. ನನಗೂ ಆಸೆಯಾಯಿತು. ಸುಳ್ಳು ಯಾಕೆ ಹೇಳಲಿ, ತೋಟಕ್ಕೆ ಹೋಗೋಕೆ ಜೀಪ್ ಇತ್ತು. ಇದು ಮದುವೆ ಮನೆ ಮುಂದೆ ಇಳಿಯೋಕೆ.

ಬೆಂಗಳೂರಲ್ಲಿ ಒಂದು ಶೋರೂಮ್. 2014ರ ಮಾಡೆಲ್, ಡೀಸೆಲ್, ಏರ್ ಸಸ್ಪೆನ್ಷನ್. "ಡಾಕ್ಟರ್ ಗಾಡಿ ಸರ್, ಸಿಂಗಲ್ ಓನರ್" ಅಂದ ಮಾರುವವನು. ಜೋಪಾನವಾಗಿ ಓಡಿಸಿದ ಗಾಡಿ ಅನ್ನೋಕೆ ಇವರು ಹೇಳುವ ಈ ಡಾಕ್ಟರ್ ಕತೆ ನಿಮಗೆಲ್ಲ ಗೊತ್ತಿದ್ದದ್ದೇ. ನನಗೂ ಗೊತ್ತಿತ್ತು. ಆದರೂ ನಂಬಿದೆ. ಆರ್‌ಸಿಯಲ್ಲಿ ಎರಡನೇ ಓನರ್ ಅಂತ ಇತ್ತಲ್ಲ ಅಂದರೆ, "ಅದು ಡಾಕ್ಟರ್ ಮಿಸೆಸ್ ಸರ್, ಮನೆಯೊಳಗೇ ಟ್ರಾನ್ಸ್‌ಫರ್" ಅಂದ. ಟ್ರಾನ್ಸ್‌ಫರ್ ಆದ ತಾರೀಖು ನೋಡಿದೆ, 2023ರ ಜನವರಿ. ನೋಡಿದೆ ಅಷ್ಟೇ. ತಲೆಗೆ ಏನೂ ಹೊಳೆಯಲಿಲ್ಲ. ಗಾಡಿಯೊಳಗೆ ಮಲ್ಲಿಗೆ ಸೆಂಟು ಎಷ್ಟು ಹೊಡೆದಿದ್ದರು ಅಂದರೆ ನನ್ನ ಹೆಂಡತಿ ಕಿಟಕಿ ಇಳಿಸಿಕೊಂಡು ಕೂತಳು. "ರೀ, ಇಷ್ಟೊಂದು ವಾಸನೆ ಯಾಕೆ ಹಾಕಿದ್ದಾರೆ?" ಅಂತ ಕೇಳಿದಳು ಕೂಡ. ನಾನು ಅವಳನ್ನೇ ಸುಮ್ಮನಿರಿಸಿದೆ.

ಮೂರು ವಾರ ಚೆನ್ನಾಗಿತ್ತು. ಒಂದು ಬೆಳಗ್ಗೆ ಎದ್ದು ನೋಡಿದರೆ ಗಾಡಿಯ ಎಡ ಮುಂಭಾಗ ಕೂತಿದೆ, ಎಮ್ಮೆ ಮುಂಗಾಲು ಮಡಚಿದ ಹಾಗೆ. ಈ ಗಾಡಿಗಳಲ್ಲಿ ಸ್ಪ್ರಿಂಗ್ ಬದಲು ರಬ್ಬರ್ ಚೀಲದಲ್ಲಿ ಗಾಳಿ ಇರುತ್ತದೆ. ಚೀಲ ಹಳೆಯದಾಗಿ ಬಿರುಕು ಬಿಟ್ಟರೆ ರಾತ್ರಿಯಿಡೀ ಗಾಳಿ ಸೋರುತ್ತದೆ. ಬೆಳಗ್ಗೆ ಕಂಪ್ರೆಸರ್ ಅದನ್ನು ತುಂಬಿ ತುಂಬಿ ಕೊನೆಗೆ ತಾನೇ ಸುಟ್ಟುಹೋಗುತ್ತದೆ. ನನಗೂ ಹಾಗೇ ಆಯಿತು. ಚೀಲ ಒಂದಕ್ಕೆ 85 ಸಾವಿರ, ಎರಡು ಹಾಕಿಸಿದೆ. ಕಂಪ್ರೆಸರ್ 72 ಸಾವಿರ. ಹೋಗಲಿ, ಹಳೆ ಗಾಡಿ ಅಂದಮೇಲೆ ಇದ್ದದ್ದೇ ಅಂದುಕೊಂಡೆ.

ವಾರ ಕಳೆಯಲಿಲ್ಲ, ಮತ್ತೆ ಕೂತಿತು.

ಆಮೇಲೆ ಶುರುವಾದದ್ದು ದೆವ್ವದಾಟ. ಬಿಸಿಲಲ್ಲಿ ವೈಪರ್ ತಾನೇ ಓಡುತ್ತದೆ. ನಿಲ್ಲಿಸಿದ ಗಾಡಿಯ ಗ್ಲಾಸು ತಾನೇ ಇಳಿಯುತ್ತದೆ. ರಾತ್ರಿ ಎರಡು ಗಂಟೆಗೆ ಹಾರ್ನ್. ಲೈನ್ ಮನೆಯಲ್ಲಿರುವ ತೋಟದ ಕೆಲಸದವರೆಲ್ಲ ಟಾರ್ಚ್ ಹಿಡಿದು ಬಂದರು, ಆನೆ ಬಂತೇನೋ ಅಂತ. ಎರಡು ಸಲ ಬ್ಯಾಟರಿ ಬದಲಾಯಿಸಿದೆ. ಯಾವುದೋ ಕಂಟ್ರೋಲ್ ಮಾಡ್ಯೂಲ್ ಹೋಗಿದೆ ಅಂದರು, ಅದಕ್ಕೆ 1.35 ಲಕ್ಷ.

ಜೂನ್‌ನಲ್ಲಿ ಧರ್ಮಸ್ಥಳಕ್ಕೆ ಹೊರಟೆವು. ಚಾರ್ಮಾಡಿ ಘಾಟಿಯ ತಿರುವಿನಲ್ಲಿ, ಜಡಿಮಳೆಯಲ್ಲಿ, ಗಾಡಿ ನಿಂತಿತು. ಹಿಂದೆ ಸಾಲು ಸಾಲು ವಾಹನ. ಎಲ್ಲರೂ ಇಳಿದು ಬಂದು ನೋಡುವವರೇ. ಕೊಟ್ಟಿಗೆಹಾರದಿಂದ ಒಬ್ಬರು ಜೀಪ್ ತಂದು ಹಗ್ಗ ಕಟ್ಟಿದರು. ಎಳೆದರೆ ಚಕ್ರ ತಿರುಗಲ್ಲ! ಪಾರ್ಕಿಂಗ್ ಬ್ರೇಕ್ ಕರೆಂಟಿನದ್ದು. ಕರೆಂಟ್ ಹೋದರೆ ಬ್ರೇಕ್ ಬಿಡಲ್ಲ, ಗೇರ್ ನ್ಯೂಟ್ರಲ್‌ಗೆ ಬರಲ್ಲ. "ಏನ್ ಭಾವ, ಇಷ್ಟು ದೊಡ್ಡ ಗಾಡಿ, ತಳ್ಳೋಕೂ ಆಗಲ್ವಾ?" ಅಂತ ಜೀಪಿನವರು ಕೇಳಿದರು. ಏನು ಹೇಳಲಿ? ಕೆಳಗಿನಿಂದ ಫ್ಲಾಟ್‌ಬೆಡ್, ಅಂದರೆ ಗಾಡಿಯನ್ನೇ ಹೊತ್ತೊಯ್ಯುವ ಲಾರಿ, ಬರುವ ಹೊತ್ತಿಗೆ ಮೂರೂವರೆ ಗಂಟೆ ಕಳೆದಿತ್ತು. ಅಷ್ಟು ಹೊತ್ತೂ ಅಮ್ಮ ಒಳಗೆ ಕೂತು ಮಂಜುನಾಥ ಮಂಜುನಾಥ ಅಂತಿದ್ದರು. ಬಾಡಿಗೆ 14 ಸಾವಿರ.

ಗಾಡಿಯನ್ನು ಚಿಕ್ಕಮಗಳೂರಿನ ಒಬ್ಬ ಎಲೆಕ್ಟ್ರಿಷಿಯನ್ ಹುಡುಗನ ಹತ್ತಿರ ಹಾಕಿದೆ. ಅವನು ಕಂಪ್ಯೂಟರ್ ಹಚ್ಚಲಿಲ್ಲ. ಡ್ರೈವರ್ ಸೀಟು ಬಿಚ್ಚಿದ, ಕಾರ್ಪೆಟ್ ಎತ್ತಿದ. ಐದು ನಿಮಿಷ ಏನೂ ಮಾತಾಡಲಿಲ್ಲ. ಆಮೇಲೆ, "ಅಣ್ಣ, ಇಲ್ಲಿ ಬನ್ನಿ" ಅಂದ.

ಕಾರ್ಪೆಟ್ ಕೆಳಗಿನ ಸ್ಪಂಜು ಹಿಂಡಿದರೆ ನೀರು. ಅದರ ಕೆಳಗೆ ಹಿಟ್ಟಿನಂಥ ಬೂದು ಮಣ್ಣು. ಸೀಟಿನ ಬೋಲ್ಟೆಲ್ಲ ತುಕ್ಕು. ವೈರಿನ ಕನೆಕ್ಟರ್ ಬಿಚ್ಚಿ ತೋರಿಸಿದ, ತಾಮ್ರದ ಪಿನ್ನುಗಳೆಲ್ಲ ಹಸಿರು ಕಿಲುಬು ಹಿಡಿದಿವೆ. "ಇದು ನೀರು ಕುಡಿದ ಗಾಡಿ ಅಣ್ಣ. ಸೀಟಿನ ಮಟ್ಟಕ್ಕೆ ನಿಂತಿತ್ತು ನೀರು. ಯಾರು ಕೊಟ್ರು ನಿಮಗೆ?"

ನಾನು ಅಲ್ಲೇ ಒಂದು ಟೈರಿನ ಮೇಲೆ ಕೂತೆ. ದುಡ್ಡಿನ ಮಾತು ಆಮೇಲೆ. ನಾನು ಮೂಟೆಯೊಳಗೆ ಕೈಹಾಕಿ, ಮೂಸಿ, ಚೆರ್ರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, ಬೂಸ್ಟು ಹಿಡಿದಿದೆಯೋ ಇಲ್ಲವೋ ಹೇಳುವವನು. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಮಲ್ಲಿಗೆ ಸೆಂಟಿನ ಕೆಳಗಿದ್ದ ಮುಗ್ಗಲು ವಾಸನೆ ನನ್ನ ಮೂಗಿಗೆ ಬರಲಿಲ್ಲವಲ್ಲ! ಹೆಂಡತಿ ಹೇಳಿದಳಲ್ಲ!

ಕಂಪನಿ ಸರ್ವಿಸ್ ಸೆಂಟರಿಗೆ ಹೋಗಿ ಚಾಸಿ ನಂಬರ್ ಕೊಟ್ಟೆ. ಇದನ್ನು ಕೊಳ್ಳುವ ಮೊದಲೇ ಮಾಡಬೇಕಿತ್ತು. ಕೊನೆಯ ಎಂಟ್ರಿ 2022ರ ಸೆಪ್ಟೆಂಬರ್. ನೀರು ನುಗ್ಗಿ ಟೋ ಮಾಡಿ ತಂದದ್ದು, ಎಸ್ಟಿಮೇಟ್ ಕೊಟ್ಟದ್ದು, ರಿಪೇರಿ ಮಾಡಿಸದೆ ವಾಪಸ್ ಒಯ್ದದ್ದು. ಆ ಸೆಪ್ಟೆಂಬರ್ ನೆನಪಿದೆಯಲ್ವಾ? ಯಮಲೂರು, ಔಟರ್ ರಿಂಗ್ ರೋಡ್ ಕಡೆ ಮಳೆಗೆ ಕೋಟಿ ಕೋಟಿ ಬೆಲೆಯ ಕಾರುಗಳು ಮುಳುಗಿದ್ದನ್ನು ಟಿವಿಯಲ್ಲಿ ನೋಡಿ ನಾವೆಲ್ಲ ಲೊಚಗುಟ್ಟಿದ್ದೆವು. ನಾನು ನನ್ನ ಗಾಡಿಗೇ ಲೊಚಗುಟ್ಟಿದ್ದೆನೋ ಏನೋ. ರಿಪೇರಿ ಖರ್ಚು ಐಡಿವಿಯ, ಅಂದರೆ ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆಯ, ಮುಕ್ಕಾಲು ಪಾಲು ದಾಟಿದರೆ ಇನ್ಶೂರೆನ್ಸ್‌ನವರು ಟೋಟಲ್ ಲಾಸ್, ಗಾಡಿ ಪೂರ್ತಿ ಹೋಯಿತು ಅಂತ ಮುಗಿಸುತ್ತಾರೆ. ಆರ್‌ಸಿ ರದ್ದಾಗದ ಅಂಥ ಗಾಡಿ ಯಾರ ಕೈಗೋ ಹೋಗಿ, ತೊಳೆದು, ಒಣಗಿಸಿ, ಸೆಂಟು ಹೊಡೆಸಿಕೊಂಡು ನಿಂತಿರುತ್ತದೆ. ನನ್ನಂಥವನು ಬರಲಿ ಅಂತ.

ಈಗ ಗಾಡಿ ಮಾರಿದವನ ಉತ್ತರಗಳು. ಒಂದೊಂದೂ ಓದಬೇಕು ನೀವು.

ಗಾಡಿ ಮೊದಲ ಸಲ ಕೂತಾಗ: "ಏರ್ ಸಸ್ಪೆನ್ಷನ್ ಅಂದ್ರೆ ಹಂಗೇ ಸರ್. ಓಡಿಸ್ತಾ ಓಡಿಸ್ತಾ ಸೆಟ್ ಆಗುತ್ತೆ."

ಎರಡನೇ ಸಲ: "ನಿಮ್ದು ಮಲೆನಾಡು ರೋಡ್ ಸರ್. ಬೆಂಗಳೂರಲ್ಲಿ ಚೆನ್ನಾಗೇ ಇತ್ತು." ಬೆಟ್ಟ ಹತ್ತುತ್ತೆ, ಹೊಳೆ ದಾಟುತ್ತೆ ಅಂತ ವಿಡಿಯೋ ತೋರಿಸಿ ಮಾರಿದವನೇ ಇವನು!

ಕಾರ್ಪೆಟ್ ಕೆಳಗಿನ ಮಣ್ಣಿನ ಫೋಟೋ ಕಳಿಸಿದೆ. ಬ್ಲೂ ಟಿಕ್ ಬಂತು. ಎರಡು ದಿನ ಬಿಟ್ಟು ಉತ್ತರ: "ಸರ್, ಇದು ನಿಮ್ ತೋಟದ ಮಣ್ಣಲ್ವಾ?"

ನನ್ನ ತೋಟದ ಮಣ್ಣು! ನಮ್ಮ ತೋಟದ ಮಣ್ಣು ಕೆಂಪಗಿದೆ. ಇದು ಬೂದು ಬಣ್ಣದ ಚರಂಡಿ ಮಣ್ಣು. ಅವತ್ತು ರಾತ್ರಿ ಊಟ ಸೇರಲಿಲ್ಲ.

ಸರ್ವಿಸ್ ರೆಕಾರ್ಡ್ ಕಳಿಸಿದ ಮೇಲೆ ಮಾತು ಬದಲಾಯಿತು. "ನಾವು ಬರೀ ಕಮಿಷನ್ ಏಜೆಂಟ್ ಸರ್, ಓನರ್ ಹತ್ರ ಮಾತಾಡಿ." ಓನರ್ ನಂಬರ್ ಕೊಡು ಅಂದರೆ, "ಅವ್ರು ಫಾರಿನ್‌ಗೆ ಹೋದ್ರು." ಜೊತೆಗೆ ನಾನು ಸಹಿ ಮಾಡಿದ ಕಾಗದದ ಫೋಟೋ. ಸಣ್ಣ ಅಕ್ಷರದಲ್ಲಿ, ಇದ್ದ ಸ್ಥಿತಿಯಲ್ಲೇ ಒಪ್ಪಿ ತೆಗೆದುಕೊಂಡಿದ್ದೇನೆ ಅಂತ ಇದೆ. ಡೆಲಿವರಿ ದಿನ ಹಾರ ಹಾಕಿ, ಲಡ್ಡು ಬಾಯಿಗಿಟ್ಟು, ಆರು ಕಡೆ ಸಹಿ ಮಾಡಿಸಿಕೊಂಡಿದ್ದರು. ಲಡ್ಡು ತಿನ್ನುತ್ತಾ ಯಾರು ಓದುತ್ತಾರೆ?

ನನ್ನಂತೆ ಮಾಡಬೇಡಿ. ಚಾಸಿ ನಂಬರ್ ಇಟ್ಟುಕೊಂಡು ಸರ್ವಿಸ್ ಹಿಸ್ಟರಿ ನೀವೇ ತೆಗೆಸಿ, ಅವರು ಕೊಡುವ ಪ್ರಿಂಟ್ ನಂಬಬೇಡಿ. ಹಿಸ್ಟರಿ ಮಧ್ಯದಲ್ಲಿ ನಿಂತಿದ್ದರೆ, ಓನರ್ ಬದಲಾದ ತಾರೀಖು ಮಳೆಗಾಲ ಮುಗಿದ ಬೆನ್ನಿಗೇ ಇದ್ದರೆ, ಎದ್ದು ಬನ್ನಿ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ನೋಡಿ, ಸುರುಳಿಯ ತುದಿಯಲ್ಲಿ ನೀರಿನ ಕಲೆ ಹೋಗಿರುವುದಿಲ್ಲ. ಸ್ಟೆಪ್ನಿ ಗುಂಡಿಗೆ ಕೈ ಹಾಕಿ. ರಾತ್ರಿ ನಿಲ್ಲಿಸಿದ ಗಾಡಿಯನ್ನು ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ನೋಡಿ, ಕೂತಿದೆಯಾ ಅಂತ. ಸೆಂಟು ಜಾಸ್ತಿ ಇದ್ದರೆ ಹೆಂಡತಿ ಮಾತು ಕೇಳಿ.

ಮೋಸ ಆಗಿಹೋಗಿದ್ದರೆ ನಾಚಿಕೆ ಅಂತ ಸುಮ್ಮನಿರಬೇಡಿ. ನಾನು ಎರಡು ತಿಂಗಳು ಅದಕ್ಕೇ ಸುಮ್ಮನಿದ್ದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ಬೆಲೆ 10ರಿಂದ 20 ಲಕ್ಷದೊಳಗಿದ್ದರೆ ಫೀಸು 400 ರೂಪಾಯಿ. ಗಾಡಿಯ ಒಂದು ವೈಪರ್ ರಬ್ಬರೂ ಬರಲ್ಲ ಆ ದುಡ್ಡಿಗೆ.

ನೋಟಿಸ್ ತಲುಪಿದ ಮೇಲೆ ಅವನಿಂದ ಇನ್ನೊಂದು ಮೆಸೇಜ್ ಬಂದಿದೆ: "ಸರ್, ಕೇಸ್ ಗೀಸ್ ಎಲ್ಲ ಯಾಕೆ. ಗಾಡಿ ವಾಪಸ್ ಕೊಡೋದಾದ್ರೆ ಹೇಳಿ, 3 ಲಕ್ಷಕ್ಕೆ ನಾನೇ ತಗೋತೀನಿ. ಪಾರ್ಟಿ ರೆಡಿ ಇದೆ." ನಂಬರ್ ಬ್ಲಾಕ್ ಮಾಡೋಕೆ ಹೋದೆ. ಬೇಡ, ಇಟ್ಟುಕೊಳ್ಳಿ, ಅದೇ ನಮಗೆ ಬೇಕಾಗಿರೋದು ಅಂದರು ವಕೀಲರು.