ಕೂಫ್ಯಾಕ್ಸ್ ಅಥವಾ ರಯಾನ್: ಮೊದಲು ಯಾರನ್ನು ಅಭ್ಯಸಿಸಬೇಕು?

ಬೇಸ್‌ಬಾಲ್ ಪಿಚರ್‌ನ (ಬ್ಯಾಟರ್‌ಗೆ ಚೆಂಡೆಸೆಯುವ ಆಟಗಾರನ) ವೃತ್ತಿಜೀವನವನ್ನು ಅರಿಯಬಯಸುವವರು ಸ್ಯಾಂಡಿ ಕೂಫ್ಯಾಕ್ಸ್ ಅಥವಾ ನೋಲನ್ ರಯಾನ್ ಅವರಿಂದ ಆರಂಭಿಸಬಹುದು. ಕೂಫ್ಯಾಕ್ಸ್ ನಿವೃತ್ತರಾದ 1966ರಲ್ಲೇ ರಯಾನ್ ಅಮೆರಿಕದ ಅತ್ಯುನ್ನತ ವೃತ್ತಿಪರ ಬೇಸ್‌ಬಾಲ್ ಆದ ಮೇಜರ್ ಲೀಗ್ ಪ್ರವೇಶಿಸಿದರು.

ನನ್ನ ಆಯ್ಕೆ ಕೂಫ್ಯಾಕ್ಸ್. 1955ರಲ್ಲಿ ಡಾಡ್ಜರ್ಸ್ ತಂಡ ಸೇರಿದ ಈ ಎಡಗೈ ಎಸೆತಗಾರರಿಗೆ ಅಪಾರ ವೇಗವಿದ್ದರೂ ನಿಯಂತ್ರಣವಿರಲಿಲ್ಲ. ಮೊದಲ ಆರು ಋತುಗಳಲ್ಲಿ 36 ಗೆಲುವು, 40 ಸೋಲು. 1961ರ ಅಭ್ಯಾಸ ಶಿಬಿರದಲ್ಲಿ, ಅಷ್ಟೊಂದು ಬಲ ಹಾಕದೆ ಎಸೆಯುವಂತೆ ಕ್ಯಾಚರ್ (ಬ್ಯಾಟರ್ ಹಿಂದೆ ಕುಳಿತು ಚೆಂಡು ಹಿಡಿಯುವವ) ನಾರ್ಮ್ ಶೆರಿ ನೀಡಿದ ಸಲಹೆಯ ನಂತರ ಅವರ ಆಟವೇ ಬದಲಾಯಿತು. 1963, 1965 ಮತ್ತು 1966ರಲ್ಲಿ ಶ್ರೇಷ್ಠ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿ ಪಡೆದ ಅವರು, 27 ಪಂದ್ಯಗಳನ್ನು ಗೆದ್ದ ಋತುವಿನ ಬೆನ್ನಲ್ಲೇ, ಮೊಣಕೈ ಸಂಧಿವಾತದಿಂದಾಗಿ 30ನೇ ವಯಸ್ಸಿಗೇ ಆಟ ನಿಲ್ಲಿಸಬೇಕಾಯಿತು. ಪಿಚರ್‌ನ ತೋಳು ತೆರುವ ಬೆಲೆಯನ್ನು ಇದಕ್ಕಿಂತ ಸ್ಪಷ್ಟವಾಗಿ ತೋರುವ ಬದುಕು ವಿರಳ.

ರಯಾನ್ ಅವರದು ಬಾಳಿಕೆಯ ಸಾಧನೆ: 27 ಋತುಗಳು, 324 ಗೆಲುವು, 5,714 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗಳಿಂದ ಬ್ಯಾಟರ್‌ನನ್ನು ಔಟ್ ಮಾಡುವುದು) ಮತ್ತು 2,795 ವಾಕ್ (ನಾಲ್ಕು ತಪ್ಪು ಎಸೆತಗಳಿಂದ ಬ್ಯಾಟರ್‌ಗೆ ಮೊದಲ ಬೇಸ್ ಬಿಟ್ಟುಕೊಡುವುದು); ಕೊನೆಯ ಎರಡೂ ದಾಖಲೆಗಳೇ, ಅವನ್ನು ಒಟ್ಟಿಗೆ ನೋಡಬೇಕು. ಸೈ ಯಂಗ್ ಪ್ರಶಸ್ತಿ ಅವರಿಗೆ ಒಮ್ಮೆಯೂ ದಕ್ಕಲಿಲ್ಲ. ಆದರೂ ದೇಹವನ್ನು ದಶಕಗಳ ಕಾಲ ಕಾಯ್ದುಕೊಳ್ಳುವ ಬಗೆಯಲ್ಲಿ ಆಸಕ್ತಿಯುಳ್ಳವರು, 44ನೇ ವಯಸ್ಸಿನಲ್ಲಿ ಏಳನೆಯ ನೋ-ಹಿಟರ್ (ಎದುರಾಳಿಗೆ ಒಂದೂ ಹಿಟ್ ಸಿಗದ ಪಂದ್ಯ) ಎಸೆದ ಇವರನ್ನೇ ಮೊದಲು ಆರಿಸಿಕೊಳ್ಳಲಿ.