ರೈಫಲ್ ಕ್ಲಾಸಿಗೆ ದುಡ್ಡು ಕಟ್ಟುವ ಮೊದಲು ಟಾರ್ಗೆಟ್ ಹಿಂದೆ ಏನಿದೆ ನೋಡಿ

ಬೇಸಿಗೆ ರಜೆ ಬಂತೆಂದರೆ ಬಳ್ಳಾರಿಯಲ್ಲಿ ಈಜು, ಕರಾಟೆ ಶಿಬಿರಗಳ ಜೊತೆ ಈಗ ರೈಫಲ್ ಶೂಟಿಂಗ್ ಕ್ಲಾಸಿನ ಪಾಂಪ್ಲೆಟ್ಟೂ ಕೈಗೆ ಬರುತ್ತದೆ. ‘ಏನೂ ಗೊತ್ತಿಲ್ಲದವರಿಗೂ ಕಲಿಸುತ್ತೇವೆ’ ಅಂತ ಬರೆದಿರುತ್ತಾರೆ. 2024ರಲ್ಲಿ ಸ್ವಪ್ನಿಲ್ ಕುಸಾಳೆ ಪ್ಯಾರಿಸ್ ಒಲಿಂಪಿಕ್ಸ್‌ನ ರೈಫಲ್ ಶೂಟಿಂಗ್‌ನಲ್ಲಿ ಕಂಚು ಗೆದ್ದಾಗಿನಿಂದ ನನ್ನ ಅಕ್ಕನ ಮಗಳಿಗೂ ಇದೇ ಹುಚ್ಚು. ಅಂಥದ್ದೊಂದು ಕ್ಲಾಸಿಗೆ ಸೇರಿಸಿದೆವು. ಅಲ್ಲಿ ಒಬ್ಬ ಹುಡುಗನ ಕಣ್ಣು ಹೋಗುವುದು ಸ್ವಲ್ಪದರಲ್ಲಿ ತಪ್ಪಿತು. ಬೇರೆ ಮನೆಯ ಮಕ್ಕಳಿಗೆ ಹೀಗಾಗಬಾರದು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ದಿನವೇ ಸಾಮಾನಿನ ಪಟ್ಟಿ ಕೊಟ್ಟರು. ಶೂಟಿಂಗ್ ಜಾಕೆಟ್, ಗ್ಲೌಸ್, ಬೂಟು. ಎಲ್ಲವನ್ನೂ ಅವರ ಹತ್ತಿರವೇ ಕೊಳ್ಳಬೇಕು. ‘ಇವಿಲ್ದೆ ಕ್ಲಾಸಿಗೆ ಕೂಡಿಸಂಗಿಲ್ರೀ ಸಾರ್’ ಅಂದರು. ಈ ಜಾಕೆಟ್ ದಪ್ಪ ಕ್ಯಾನ್ವಾಸಿನದು, ಬಿರುಸಾಗಿರುತ್ತದೆ. ನಮ್ಮ ಮೇ ತಿಂಗಳ ಬಿಸಿಲಲ್ಲಿ ತಗಡಿನ ಶೆಡ್ಡಿನ ಕೆಳಗೆ ಅದನ್ನು ಹಾಕಿಕೊಂಡು ಮಕ್ಕಳು ಬೆವೆತು ಸುಸ್ತಾಗಿಬಿಟ್ಟರು. ಹೊಸದಾಗಿ ಕಲಿಯುವವರಿಗೆ ಅದರ ಅಗತ್ಯವೇ ಇಲ್ಲ. ಅದೂ ಹೋಗಲಿ, ಯಾವ ಕಣ್ಣು ಮುಂದು, ಅಂದರೆ ಗುರಿ ನೋಡುವಾಗ ಯಾವ ಕಣ್ಣಿನದು ಮೇಲುಗೈ ಅಂತ ನೋಡದೆಯೇ ಬಲಗೈ ಜಾಕೆಟ್ ಮಾರಿದರು. ನಮ್ಮ ಹುಡುಗಿಗೆ ಎಡಗಣ್ಣು ಮುಂದು. ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಎರಡೂ ಕೈ ಮುಂದೆ ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ದೂರದ ಒಂದು ವಸ್ತುವನ್ನು ಎರಡೂ ಕಣ್ಣು ಬಿಟ್ಟು ನೋಡಿ. ಆಮೇಲೆ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣಿಗೆ ಆ ವಸ್ತು ಕಿಂಡಿಯಲ್ಲೇ ಉಳಿಯುತ್ತದೋ ಅದೇ ಮುಂದು. ಎಡಗಣ್ಣು ಮುಂದಿದ್ದರೆ ರೈಫಲನ್ನು ಎಡ ಹೆಗಲಿಗೆ ಇಟ್ಟು ಕಲಿಯುವುದು ಬಹಳ ಜನರಿಗೆ ಸುಲಭ. ಆಗ ಬಲಗೈ ಜಾಕೆಟ್ ಯಾತಕ್ಕೂ ಬರುವುದಿಲ್ಲ.

ಈಗ ಮುಖ್ಯ ವಿಷಯ. ಟಾರ್ಗೆಟ್ ಪೇಪರಿನ ಹಿಂದೆ ಒಂದು ಕಬ್ಬಿಣದ ಶೀಟನ್ನು ನೆಟ್ಟಗೆ ನಿಲ್ಲಿಸಿದ್ದರು, ಅಷ್ಟೇ. ಪ್ರತಿ ಹೊಡೆತಕ್ಕೂ ಟಣ್ ಅನ್ನುವ ಸದ್ದು. ಗಾಳಿಯ ಒತ್ತಡದಿಂದ ಹೊಡೆಯುವ ಏರ್ ರೈಫಲಿನ ಪೆಲೆಟ್ ಅಂದರೆ ಬರೀ 4.5 ಮಿಲಿಮೀಟರಿನ ಸೀಸದ ಗುಂಡು. ಆದರೆ ಗಟ್ಟಿ ಕಬ್ಬಿಣಕ್ಕೆ ನೇರ ಬಡಿದರೆ ವಾಪಸ್ ಹಾರುತ್ತದೆ. ಒಂದು ಪೆಲೆಟ್ ಹಾಗೆ ಬಂದು ನಮ್ಮ ಹುಡುಗಿಯ ಪಕ್ಕದಲ್ಲಿದ್ದ ಹುಡುಗನ ಕೆನ್ನೆಗೆ, ಕಣ್ಣಿನ ಕೆಳಗೇ ಬಡಿಯಿತು. ಚರ್ಮ ಕಿತ್ತು ರಕ್ತ ಬಂತು. ಒಂದು ಮಗುವಿಗೂ ಕನ್ನಡಕ ಕೊಟ್ಟಿರಲಿಲ್ಲ. ‘ಏನೂ ಆಗಲ್ರೀ ಸಾರ್, ಸಣ್ಣ ಪೆಲೆಟ್ಟು’ ಅಂದರು ಕಲಿಸುವವರು. ಹುಡುಗನ ತಾಯಿ ಅಲ್ಲೇ ನಿಂತಿದ್ದರು.

ನನಗೆ ಅದಕ್ಕಿಂತ ಜಾಸ್ತಿ ಭಯವಾಗಿದ್ದು ಆಮೇಲೆ. ಹುಡುಗ ಕೂಗಿಕೊಂಡ ತಕ್ಷಣ ಸಾಲಿನಲ್ಲಿದ್ದ ಮಕ್ಕಳೆಲ್ಲ ರೈಫಲ್ ಹಿಡಿದುಕೊಂಡೇ ಅವನ ಕಡೆ ತಿರುಗಿದರು. ನಳಿಗೆಗಳೆಲ್ಲ ಮಕ್ಕಳ ಮುಖದ ಕಡೆ! ಅವರದೇನು ತಪ್ಪು? ‘ಸ್ಟಾಪ್’ ಅಂದರೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ನಳಿಗೆ ಯಾವಾಗಲೂ ಟಾರ್ಗೆಟ್ ಕಡೆಗೇ ಇರಬೇಕು. ಹೊಡೆಯುವ ತನಕ ಬೆರಳು ಟ್ರಿಗರ್ ಮೇಲೆ ಹೋಗಬಾರದು. ಖಾಲಿ ಇದೆ ಅಂತ ಗೊತ್ತಿದ್ದರೂ ತುಂಬಿದೆ ಅಂತಲೇ ತಿಳಿಯಬೇಕು. ‘ಸ್ಟಾಪ್’ ಅಂದರೆ ಹೊಡೆಯುವುದನ್ನು ನಿಲ್ಲಿಸಿ, ಹೇಳಿದಂತೆ ಖಾಲಿ ಮಾಡಿ ರೈಫಲ್ ಕೆಳಗಿಡಬೇಕು. ಎಲ್ಲರೂ ಕೆಳಗಿಟ್ಟ ಮೇಲೆಯೇ ಪೇಪರ್ ಬದಲಿಸಲು ಮುಂದೆ ಹೋಗಬೇಕು. ಮೊದಲ ತಾಸು ಇದನ್ನು ಕಲಿಸದೆ ರೈಫಲ್ ಕೈಗೆ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ.

ವಿರಾಮದಲ್ಲಿ ಅದೇ ಕೈಯಲ್ಲಿ ಒಗ್ಗರಣೆ, ಮಿರ್ಚಿ ತಿನ್ನಿಸಿದರು. ಸೀಸ ಮುಟ್ಟಿದ ಕೈ ಅದು. ಸೋಪು ಹಚ್ಚಿ ತೊಳೆಯದೆ ಏನೂ ತಿನ್ನಬಾರದು. ಅಲ್ಲಿ ನಲ್ಲಿಯೇ ಇರಲಿಲ್ಲ.

ಕಲಿಕೆಯಾದರೂ ಸರಿಯಿತ್ತಾ ಅಂದರೆ ಅದೂ ಇಲ್ಲ. 10 ಮೀಟರ್ ರೈಫಲ್ ಟಾರ್ಗೆಟ್‌ನಲ್ಲಿ ಹತ್ತು ಅಂಕ ಸಿಗುವ ನಡುವಿನ ಚುಕ್ಕೆ ಅರ್ಧ ಮಿಲಿಮೀಟರ್ ಮಾತ್ರ. ಅದಕ್ಕೇ ಒಳ್ಳೆಯ ಕಡೆ ಶುರುವಿಗೆ ನಿಲ್ಲುವುದು, ಉಸಿರು ಹಿಡಿಯುವುದು, ಪೆಲೆಟ್ ಇಲ್ಲದೆ ಟ್ರಿಗರ್ ಒತ್ತುವುದು, ಇದನ್ನೇ ಮಾಡಿಸುತ್ತಾರೆ. ಇವರು ಬರೀ ಹೊಡೆಸಿದರು. ಪೆಲೆಟ್ಟಿಗೆ ಬೇರೆ ದುಡ್ಡು, ಅಲ್ವಾ!

ಇನ್ನೊಂದು ಮಾತು. ‘ನಮ್ಮ ಸರ್ಟಿಫಿಕೇಟ್ ಇದ್ದರೆ ಬಂದೂಕಿನ ಲೈಸೆನ್ಸ್ ಗ್ಯಾರಂಟಿ’ ಅಂದರೆ ನಂಬಬೇಡಿ. ಪೊಲೀಸ್ ವರದಿ ತರಿಸಿಕೊಂಡು ಕೊಡಬೇಕೋ ಬೇಡವೋ ತೀರ್ಮಾನಿಸುವುದು ಸರ್ಕಾರಿ ಅಧಿಕಾರಿಗಳು. ನಮ್ಮ ಫೀಸು ವಾಪಸ್ ಬರಲಿಲ್ಲ. ರಸೀತಿ ಕೇಳಿದರೆ ಬಿಳಿ ಚೀಟಿ ತೋರಿಸಿದರು. ಅದಕ್ಕೇ ಸೀಲು, ಸಹಿ ಇರುವ ರಸೀತಿ ಇಲ್ಲದೆ ದುಡ್ಡು ಕೊಡಬೇಡಿ.

ಹೋಗುವ ಮೊದಲು ಒಂದು ದಿನ ಸುಮ್ನೆ ನಿಂತು ಕ್ಲಾಸ್ ನೋಡಿ. ಟಾರ್ಗೆಟ್ ಹಿಂದೆ ಓರೆಯಾಗಿ ಕೂರಿಸಿದ ಉಕ್ಕಿನ ಹಲಗೆ, ಅದರ ಕೆಳಗೆ ಪೆಲೆಟ್ ಬೀಳುವ ಡಬ್ಬಿ ಇದೆಯಾ ನೋಡಿ. ನೋಡಲು ಬಿಡುವುದಿಲ್ಲ ಅಂದರೆ ಅಲ್ಲಿ ಸೇರಿಸಬೇಡಿ. ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆಯೇ ನಾಗರಿಕ ಬಂದೂಕು ತರಬೇತಿ ನಡೆಸುತ್ತದೆ. ದೊಡ್ಡವರು ಎಸ್‌ಪಿ ಕಚೇರಿಯಲ್ಲಿ ವಿಚಾರಿಸಿ. ಕಾಲೇಜಿನ ಮಕ್ಕಳಿಗೆ ಎನ್‌ಸಿಸಿ ಇದೆ. ಕ್ಲಾಸಿಗೆ ಹೋಗುವಾಗ ಚಪ್ಪಟೆ ಅಡಿಯ ಬೂಟು, ಕಣ್ಣಿಗೆ ಗಟ್ಟಿ ಕನ್ನಡಕ, ನೀರು, ಒಂದು ಸೋಪು ಇದ್ದರೆ ಸಾಕು. ಮದ್ದಿನ ಗುಂಡು ಹೊಡೆಯುವ ಪಾಯಿಂಟ್ 22 ರೈಫಲ್ ಆದರೆ ಕಿವಿಗೆ ಇಯರ್‌ಪ್ಲಗ್ಗೂ ಬೇಕು. ಜಾಕೆಟ್ ವಿಚಾರ ಆಮೇಲೆ ನೋಡಿಕೊಂಡರಾಯಿತು.